ಸರ್ಚ್ ಎಂಜಿನ್ನೋ, ಎಐ ಚಾಟ್‌ಬಾಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಓದುಗರು ಪತ್ರಗಳಲ್ಲಿಯೂ ಮಾತುಕತೆಯಲ್ಲಿಯೂ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲಿಯೇ ಇಲ್ಲಿ ಕೊಡಲಾಗಿದೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

“ಗೂಗಲ್‌ನಲ್ಲಿ ಕೇಳಿದ್ರೂ ಉತ್ತರ ಬರುತ್ತೆ, ಚಾಟ್‌ಜಿಪಿಟಿಯಲ್ಲಿ ಕೇಳಿದ್ರೂ ಬರುತ್ತೆ. ಹಾಗಾದ್ರೆ ವ್ಯತ್ಯಾಸ ಏನು?”

ಸರ್ಚ್ ಎಂಜಿನ್ ಬೇರೆಯವರು ಬರೆದಿಟ್ಟ ಪುಟಗಳನ್ನು ಮೊದಲೇ ಓದಿಕೊಂಡು, ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಸಿದ್ಧವಾಗಿಟ್ಟುಕೊಂಡಿರುತ್ತದೆ. ನೀವು ಕೇಳಿದಾಗ ಅದರಿಂದ ಹೊಂದುವ ಪುಟಗಳನ್ನು ಆರಿಸಿ ಸಾಲಾಗಿ ತೋರಿಸುತ್ತದೆ. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಗೂಗಲ್ ಕಂಪನಿಯನ್ನು ಆರಂಭಿಸಿದಾಗ ಅವರ ಹೆಚ್ಚುಗಾರಿಕೆ ಇದ್ದದ್ದು ಈ ಸಾಲಿನ ಕ್ರಮದಲ್ಲಿ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಅದರಲ್ಲೂ ಎಂಥ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಲೆಕ್ಕ ಹಾಕಿ ಅದರ ಸ್ಥಾನವನ್ನು ಅವರು ನಿರ್ಧರಿಸಿದರು.

ಚಾಟ್‌ಬಾಟ್‌ನ ಒಳಗಿರುವುದು ಭಾಷಾ ಮಾದರಿ. ಅಪಾರ ಪ್ರಮಾಣದ ಬರಹವನ್ನು ಓದಿಸಿ, ಇಂಥ ಮಾತಿನ ನಂತರ ಎಂಥ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಅದಕ್ಕೆ ರೂಢಿ ಮಾಡಿಸಿರುತ್ತಾರೆ. 2022ರ ನವೆಂಬರ್ 30ರಂದು ಓಪನ್‌ಎಐ ಕಂಪನಿಯು ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿದ ಮೇಲೆ ಜನಸಾಮಾನ್ಯರ ಕೈಗೆ ಬಂದ ಜೆಮಿನಿ, ಕ್ಲಾಡ್, ಕೋಪೈಲಟ್ ಮುಂತಾದವುಗಳೆಲ್ಲ ಇದೇ ಜಾತಿಗೆ ಸೇರಿದವು. ಅವು ಕೊಡುವ ವಾಕ್ಯವು ನೀವು ಕೇಳಿದ ಕ್ಷಣದಲ್ಲಿ ಹೊಸದಾಗಿ ಕಟ್ಟಿದ್ದಾಗಿರುತ್ತದೆ. ಆದ್ದರಿಂದ ಸರ್ಚ್‌ನಲ್ಲಿ ಸಿಕ್ಕ ಮಾತಿಗೆ ಒಂದು ಪುಟ, ಒಂದು ದಿನಾಂಕ, ಬರೆದವರೊಬ್ಬರು ಇರುತ್ತಾರೆ. ಚಾಟ್‌ಬಾಟ್‌ನ ಮಾತಿಗೆ ಇವು ತಾವಾಗಿಯೇ ಅಂಟಿಕೊಂಡು ಬರುವುದಿಲ್ಲ.

“ಯಾವಾಗ ಯಾವುದನ್ನ ಬಳಸಬೇಕು? ಸುಲಭವಾಗಿ ಹೇಳಿಬಿಡಿ.”

ಉತ್ತರ ತಪ್ಪಾಗಿದ್ದರೆ ಅದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ. ಓದಿದ ಕೂಡಲೇ ನಿಮಗೇ ಗೊತ್ತಾಗುವಂತಿದ್ದರೆ ಚಾಟ್‌ಬಾಟ್ ಒಳ್ಳೆಯ ಸಹಾಯಕ: ನೀವೇ ಕೊಟ್ಟ ವಿವರಗಳಿಂದ ಪತ್ರ ಬರೆಸುವುದು, ಇಪ್ಪತ್ತು ಪುಟದ ಸುತ್ತೋಲೆಯನ್ನು ಸಂಕ್ಷೇಪಿಸಿಕೊಳ್ಳುವುದು, ಅರ್ಥವಾಗದ ಪರಿಕಲ್ಪನೆಯನ್ನು ನಾಲ್ಕು ಬಗೆಯಲ್ಲಿ ವಿವರಿಸಿಕೊಳ್ಳುವುದು, ಎಕ್ಸೆಲ್ ಸೂತ್ರ ಬರೆಸಿ ಅಲ್ಲೇ ಪರೀಕ್ಷಿಸುವುದು. ತಪ್ಪು ಗೊತ್ತಾಗುವುದು ಹಣ ಕಟ್ಟಿದ ಮೇಲೆಯೋ ಕೌಂಟರಿನ ಮುಂದೆ ನಿಂತ ಮೇಲೆಯೋ ಎಂದಾದರೆ ಸರ್ಚ್ ಎಂಜಿನ್‌ಗೆ ಹೋಗಿ, ಮೂಲ ಪುಟವನ್ನೇ ತೆರೆದು ಓದಬೇಕು. ಶುಲ್ಕ, ಕೊನೆಯ ದಿನಾಂಕ, ವಿಳಾಸ, ಫೋನ್ ನಂಬರು, ಕಾನೂನಿನ ಕಲಮು, ಔಷಧದ ಪ್ರಮಾಣ ಇವೆಲ್ಲ ಈ ಎರಡನೆಯ ಗುಂಪಿಗೆ ಸೇರುತ್ತವೆ.

“ಈಗ ಗೂಗಲ್‌ನಲ್ಲೇ ಮೇಲ್ಗಡೆ ಎಐ ಉತ್ತರ ಬರುತ್ತಲ್ಲ, ಅದನ್ನ ಯಾವ ಲೆಕ್ಕಕ್ಕೆ ಹಾಕೋದು?”

ಚಾಟ್‌ಬಾಟ್‌ನ ಲೆಕ್ಕಕ್ಕೇ ಹಾಕಬೇಕು. ಗೂಗಲ್ ಈ ಸಾರಾಂಶಗಳನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಆರಂಭಿಸಿತು. ಪಿಜ್ಜಾದ ಮೇಲಿನ ಚೀಸ್ ಜಾರದಿರಲು ಸಾಸ್‌ಗೆ ಅಂಟು ಬೆರೆಸಿ ಎಂಬ ಸಲಹೆಯನ್ನು ಅದು ಕೊಟ್ಟದ್ದು ಆರಂಭದ ದಿನಗಳಲ್ಲಿಯೇ. ಹುಡುಕಿ ನೋಡಿದವರಿಗೆ ಆ ಸಲಹೆಯ ಮೂಲವಾಗಿ ಸಿಕ್ಕಿದ್ದು ಹತ್ತು ವರ್ಷಕ್ಕೂ ಹಿಂದೆ ಯಾರೋ ರೆಡಿಟ್ ಎಂಬ ಚರ್ಚಾ ತಾಣದಲ್ಲಿ ತಮಾಷೆಗೆ ಬರೆದಿದ್ದ ಒಂದು ಸಾಲು. ಸಾರಾಂಶದ ಪಕ್ಕದಲ್ಲಿರುವ ಕೊಂಡಿಯನ್ನು ತೆರೆದು ನೋಡುವವರಿಗೆ ಅದು ಹುಡುಕಾಟದ ಆರಂಭ. ತೆರೆಯದೆ ಮುಂದೆ ಹೋಗುವವರು ಸರ್ಚ್ ಮಾಡಿದ್ದೇವೆ ಎಂದುಕೊಂಡರೂ ಓದಿರುವುದು ಚಾಟ್‌ಬಾಟ್‌ನ ಮಾತನ್ನೇ.

“ಚಾಟ್‌ಬಾಟ್‌ಗೆ ದುಡ್ಡು ಕಟ್ಟಬೇಕಾ?”

ಈ ಪುಟದಲ್ಲಿ ಹೇಳಿರುವ ಯಾವ ಕೆಲಸಕ್ಕೂ ಕಟ್ಟಬೇಕಾಗಿಲ್ಲ. ಪ್ರಮುಖ ಚಾಟ್‌ಬಾಟ್‌ಗಳಿಗೆಲ್ಲ ಉಚಿತ ಆವೃತ್ತಿ ಇದೆ. ದಿನಕ್ಕೆ ಇಷ್ಟೇ ಪ್ರಶ್ನೆ ಎಂಬ ಮಿತಿ ಇರಬಹುದು, ಅಷ್ಟೇ.

## ದಿನನಿತ್ಯದ ಕೆಲಸಗಳಲ್ಲಿ

“ಮನೆ ಖಾತಾ ವಿಷಯ ಕೇಳಿದ್ರೆ ಬಿಬಿಎಂಪಿ ಕಚೇರಿಗೆ ಹೋಗಿ ಅಂತು. ಈಗ ಬಿಬಿಎಂಪಿನೇ ಇಲ್ಲವಲ್ಲ?”

ಭಾಷಾ ಮಾದರಿಗೆ ಓದಿಸುವ ಕೆಲಸ ಒಂದು ದಿನ ಮುಗಿಯುತ್ತದೆ. ಅದರ ನಂತರ ಜಗತ್ತಿನಲ್ಲಿ ಆದದ್ದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ; ಹೊರಗಿನ ಜಾಲವನ್ನು ಹುಡುಕಿ ನೋಡುವ ಸೌಲಭ್ಯ ಇದ್ದರೆ, ಮತ್ತು ಆ ಪ್ರಶ್ನೆಗೆ ಅದನ್ನು ಬಳಸಿದರೆ ಮಾತ್ರ ಹೊಸ ಸಂಗತಿ ಸಿಗುತ್ತದೆ. ಬೆಂಗಳೂರಿನ ಮಟ್ಟಿಗೆ ಈ ಕೊರತೆ ವಿಶೇಷವಾಗಿ ಕಾಡುತ್ತದೆ, ಏಕೆಂದರೆ 2025 ಒಂದೇ ವರ್ಷದಲ್ಲಿ ಇಲ್ಲಿ ಎಷ್ಟೋ ಸಂಗತಿಗಳು ಬದಲಾದವು. ಫೆಬ್ರುವರಿ 9ರಂದು ನಮ್ಮ ಮೆಟ್ರೊದ ಗರಿಷ್ಠ ಪ್ರಯಾಣ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಆರಂಭವಾಯಿತು. ಅದೇ ತಿಂಗಳ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಹೆಚ್ಚಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಮೇ 15ರಂದು ಜಾರಿಗೆ ಬಂದು, ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಇನ್ನೊಂದು ತೊಡಕಿದೆ. ಬಿಬಿಎಂಪಿ 2007ರಿಂದ ಇದ್ದುದರಿಂದ ಅದರ ಬಗ್ಗೆ ಬರೆದ ಪುಟಗಳು ರಾಶಿಯಾಗಿ ಬಿದ್ದಿವೆ. ಹೊಸ ಪಾಲಿಕೆಗಳ ಬಗ್ಗೆ ಇರುವುದು ಅದರ ಮುಂದೆ ಅತ್ಯಲ್ಪ. ಚಾಟ್‌ಬಾಟ್ ಹೊಸ ಪುಟವನ್ನು ಓದಿದರೂ ಹಳೆಯ ರೂಢಿಯ ಮಾತು ನಡುವೆ ನುಸುಳುತ್ತದೆ. ಸರ್ಚ್ ಎಂಜಿನ್‌ಗೂ ಈ ದೋಷ ತಪ್ಪಿದ್ದಲ್ಲ, ಅಲ್ಲಿಯೂ ಹಳೆಯ ಪುಟವೇ ಮೇಲೆ ಬರಬಹುದು. ಆದರೆ ಅಲ್ಲಿ ಪುಟದ ದಿನಾಂಕವನ್ನು ನೋಡುವ ಅವಕಾಶವಿದೆ, ಕಳೆದ ಒಂದು ವರ್ಷದ ಪುಟಗಳನ್ನು ಮಾತ್ರ ತೋರಿಸು ಎಂದು ಕಾಲಮಿತಿಯನ್ನೂ ಹಾಕಬಹುದು. ಖಾತಾ, ಆಸ್ತಿ ತೆರಿಗೆ, ನೋಂದಣಿ ಇವುಗಳಿಗೆ ಇಲಾಖೆಯ ಜಾಲತಾಣದಲ್ಲಿರುವ ಪುಟವನ್ನೇ ನೋಡಿ. ಆ ಪುಟದ ಸರ್ಕಾರಿ ಭಾಷೆ ಅರ್ಥವಾಗದಿದ್ದರೆ, ಅದನ್ನು ಹಾಗೆಯೇ ನಕಲು ಮಾಡಿ ಚಾಟ್‌ಬಾಟ್‌ಗೆ ಕೊಟ್ಟು ಸರಳವಾಗಿ ವಿವರಿಸು ಎನ್ನುವುದು ಎರಡನ್ನೂ ಸರಿಯಾಗಿ ಬಳಸಿದಂತೆ.

“ಕಸ್ಟಮರ್ ಕೇರ್ ನಂಬರ್ ಹುಡುಕೋಕೆ ಯಾವುದು ಒಳ್ಳೇದು?”

ಎರಡೂ ಬೇಡ. ಬ್ಯಾಂಕು, ಕೊರಿಯರ್, ಗ್ಯಾಸ್ ಏಜೆನ್ಸಿಗಳ ಹೆಸರಿನಲ್ಲಿ ವಂಚಕರು ತಮ್ಮ ನಂಬರುಗಳನ್ನು ಜಾಲದ ತುಂಬ ಹರಡಿ, ಕೆಲವೊಮ್ಮೆ ದುಡ್ಡು ಕೊಟ್ಟು ಜಾಹೀರಾತನ್ನೂ ಹಾಕಿ ಸರ್ಚ್ ಫಲಿತಾಂಶದ ಮೇಲ್ಭಾಗಕ್ಕೆ ಬರುತ್ತಾರೆ. ಜಾಲವನ್ನು ಓದಿ ಉತ್ತರಿಸುವ ಚಾಟ್‌ಬಾಟ್ ಅದೇ ನಂಬರನ್ನು ಅಚ್ಚುಕಟ್ಟಾದ ವಾಕ್ಯದಲ್ಲಿ ಇಟ್ಟುಕೊಡಬಹುದು. ಎಟಿಎಂ ಕಾರ್ಡಿನ ಹಿಂಬದಿ, ಪಾಸ್‌ಬುಕ್, ಬಿಲ್ಲು, ಕಂಪನಿಯ ಅಧಿಕೃತ ಆ್ಯಪ್ ಇವುಗಳಲ್ಲಿರುವ ನಂಬರನ್ನೇ ಬಳಸಿ. ಬೆಸ್ಕಾಂನ 1912, ಜಲಮಂಡಳಿಯ 1916, ಸೈಬರ್ ವಂಚನೆಗೆ 1930 ಇವುಗಳನ್ನು ಫೋನಿನಲ್ಲಿ ಉಳಿಸಿಕೊಂಡರೆ ಹುಡುಕುವ ಪ್ರಸಂಗವೇ ಬರುವುದಿಲ್ಲ. ಹಣ ಹೋದ ಮೇಲೆ 1930ಕ್ಕೆ ಎಷ್ಟು ಬೇಗ ಕರೆ ಮಾಡುತ್ತೀರೋ ಅಷ್ಟು ಒಳ್ಳೆಯದು.

“ನೀರು ಬರ್ತಿಲ್ಲ ಅಂತ ಜಲಮಂಡಳಿಗೆ ಅರ್ಜಿ ಬರೀಬೇಕು. ಮಾದರಿ ಹುಡುಕಲಾ, ಬರೆಸಲಾ?”

ಬರೆಸಿ. ಸರ್ಚ್‌ನಲ್ಲಿ ಸಿಗುವ ಮಾದರಿ ಅರ್ಜಿಗಳನ್ನು ಯಾರೋ ಯಾವುದೋ ಊರಿಗೆ ಬರೆದಿರುತ್ತಾರೆ. ಅದನ್ನು ತಿದ್ದುವುದರಲ್ಲಿಯೇ ಅರ್ಧ ಗಂಟೆ ಹೋಗುತ್ತದೆ. ಚಾಟ್‌ಬಾಟ್‌ಗೆ “ಅರ್ಜಿ ಬರೆದುಕೊಡು” ಎಂದಷ್ಟೇ ಹೇಳಿದರೂ ಅಂಥದೇ ಮಾದರಿ ಬರುತ್ತದೆ. ಹೀಗೆ ಹೇಳಿ ನೋಡಿ: “ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರಿಗೆ ಕನ್ನಡದಲ್ಲಿ ಒಂದು ಪುಟ ಮೀರದ ದೂರು ಅರ್ಜಿ ಬೇಕು. ನಮ್ಮ ಅಡ್ಡರಸ್ತೆಗೆ ಮಂಗಳವಾರ ಮತ್ತು ಶುಕ್ರವಾರ ಕಾವೇರಿ ನೀರು ಬರುತ್ತಿತ್ತು. ಎರಡು ವಾರದಿಂದ ಬಂದಿಲ್ಲ. ಪಕ್ಕದ ರಸ್ತೆಗೆ ಬರುತ್ತಿದೆ. ಮೂರು ಮನೆಯವರು ಸಹಿ ಹಾಕುತ್ತೇವೆ. ಗೊತ್ತಿಲ್ಲದ ವಿವರಗಳಿಗೆ ಖಾಲಿ ಜಾಗ ಬಿಡು, ನೀನೇ ತುಂಬಬೇಡ.” ಕೊನೆಯ ವಾಕ್ಯವನ್ನು ಮರೆಯಬೇಡಿ, ಏಕೆಂದರೆ ‘ಉಲ್ಲೇಖ’ ಎಂಬ ಸಾಲು ಬಂದ ಕೂಡಲೇ ನೀವು ಕೊಡದ ದೂರಿನ ಸಂಖ್ಯೆಯೊಂದನ್ನು ತಾನೇ ಹುಟ್ಟಿಸಿ ಬರೆಯುವುದುಂಟು. ಆರ್‌ಆರ್ ಸಂಖ್ಯೆ, ಮನೆ ವಿಳಾಸ, ಮೊಬೈಲ್ ನಂಬರುಗಳನ್ನು ಮುದ್ರಿಸಿದ ಮೇಲೆ ಕೈಯಿಂದಲೇ ತುಂಬುವುದು ಉತ್ತಮ. ಅರ್ಜಿಯನ್ನು ಯಾವ ಉಪವಿಭಾಗಕ್ಕೆ ಕೊಡಬೇಕು ಎಂಬುದನ್ನು ಮಾತ್ರ ಚಾಟ್‌ಬಾಟ್‌ನಿಂದ ಕೇಳಬೇಡಿ. ಅದನ್ನು ನೀರಿನ ಬಿಲ್ಲಿನಲ್ಲಿ ನೋಡಿ, ಇಲ್ಲವೇ 1916ರಲ್ಲಿ ಕೇಳಿ.

“ಬ್ಲಡ್ ರಿಪೋರ್ಟ್ ಬಂದಿದೆ. ಡಾಕ್ಟರ್ ಸಿಗೋದು ನಾಳಿದ್ದು. ಅಲ್ಲೀತನಕ ಕೇಳಬಹುದಾ?”

ಪದಗಳ ಅರ್ಥವನ್ನು ಕೇಳಬಹುದು. ಟಿಎಸ್‌ಎಚ್ ಎಂದರೇನು, ಅದು ಹೆಚ್ಚಾದಾಗ ಥೈರಾಯ್ಡ್ ಗ್ರಂಥಿ ಸಾಮಾನ್ಯವಾಗಿ ಮಂದವಾಗಿರುತ್ತದೆ ಎಂದು ಏಕೆ ಹೇಳುತ್ತಾರೆ, ವೈದ್ಯರನ್ನು ಏನೇನು ಕೇಳಬೇಕು ಎಂಬಂಥ ಪ್ರಶ್ನೆಗಳಿಗೆ ಚಾಟ್‌ಬಾಟ್ ತಾಳ್ಮೆಯಿಂದ ಉತ್ತರಿಸುತ್ತದೆ. ಸರ್ಚ್‌ನಲ್ಲಿ ಇದೇ ಪ್ರಶ್ನೆಗೆ ಅತಿ ಭಯಾನಕ ರೋಗದ ಪುಟವೇ ಮೊದಲು ಕಣ್ಣಿಗೆ ಬಿದ್ದು ರಾತ್ರಿ ನಿದ್ದೆ ಕೆಡುವುದೂ ಉಂಟು. ಮಾತ್ರೆ ಶುರು ಮಾಡುವುದು, ನಿಲ್ಲಿಸುವುದು, ಪ್ರಮಾಣ ಬದಲಿಸುವುದು ಇವುಗಳನ್ನು ಎರಡರಲ್ಲಿಯೂ ಕೇಳಬಾರದು. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಏನನ್ನೂ ಟೈಪ್ ಮಾಡದೆ 108ಕ್ಕೆ ಕರೆ ಮಾಡಿ. ಫೋಟೊ ಹಾಕುವ ಮುನ್ನ ವರದಿಯ ಮೇಲ್ಭಾಗದಲ್ಲಿರುವ ಹೆಸರು ಮತ್ತು ನಂಬರುಗಳನ್ನು ಮುಚ್ಚಿ.

“ಕಂಪನಿಯವರದ್ದೇ ಚಾಟ್‌ಬಾಟ್ ಹೇಳಿದ್ರೆ ಅದು ಅವರ ಮಾತೇ ಅಲ್ವಾ?”

ಕೆನಡಾದಲ್ಲಿ ಒಂದು ತೀರ್ಪು ಹಾಗೆಂದಿದೆ. ಬಂಧುವಿನ ಸಾವಿನ ಸಂದರ್ಭದ ರಿಯಾಯಿತಿ ದರವನ್ನು ಪ್ರಯಾಣದ ನಂತರವೂ ಕೇಳಬಹುದು ಎಂದು ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪಾಗಿ ಹೇಳಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಆ ತೀರ್ಪು ಇಲ್ಲಿಯ ಗ್ರಾಹಕ ಆಯೋಗಗಳನ್ನು ಕಟ್ಟಿಹಾಕುವುದಿಲ್ಲ. ಅಂಥ ಭರವಸೆ ಸಿಕ್ಕಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಇಮೇಲ್‌ನಲ್ಲಿಯೂ ಬರೆಸಿಕೊಳ್ಳಿ.

## ಕನ್ನಡದಲ್ಲಿ ಕೇಳುವಾಗ

“ಕನ್ನಡದಲ್ಲಿ ಕೇಳಿದ್ರೆ ಉತ್ತರ ಕಳಪೆಯಾಗುತ್ತಾ?”

ವಾಕ್ಯಗಳು ಮೊದಲಿಗಿಂತ ಬಹಳ ಸುಧಾರಿಸಿವೆ; ಒಳಗಿನ ತಿಳಿವಳಿಕೆ ಇನ್ನೂ ತೆಳುವಾಗಿಯೇ ಇದೆ. ಇದಕ್ಕೆ ಮುಖ್ಯ ಕಾರಣ ಓದಿಸಲು ಸಿಗುವ ಬರಹದ ಪ್ರಮಾಣ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ, 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿರುವ ಲೇಖನಗಳ ಸಂಖ್ಯೆ ಇನ್ನೂ ಸಾವಿರಗಳಲ್ಲಿದೆ. ಲಿಪಿಯ ಕಾರಣವೂ ಒಂದಿದೆ: ಕಂಪ್ಯೂಟರು ಇಂಗ್ಲಿಷ್ ಅಕ್ಷರವೊಂದನ್ನು ಸಾಮಾನ್ಯವಾಗಿ 1 ಬೈಟ್‌ನಲ್ಲಿ ಇಡುತ್ತದೆ, ಆದರೆ ಯೂನಿಕೋಡ್‌ನ ರೂಢಿಯ ಬರವಣಿಗೆಯಲ್ಲಿ ‘ಕ್ಷ’ ಎಂಬುದು ಕಕಾರ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷಕಾರ ಎಂದು ಮೂರು ತುಂಡಾಗಿ 9 ಬೈಟ್ ಹಿಡಿಯುತ್ತದೆ. ಭಾಷಾ ಮಾದರಿಗಳು ಪಠ್ಯವನ್ನು ಸಣ್ಣ ಚೂರುಗಳಾಗಿ ಒಡೆದು ಓದುವುದರಿಂದ ಒಂದೇ ಅರ್ಥದ ಕನ್ನಡ ವಾಕ್ಯಕ್ಕೆ ಹೆಚ್ಚು ಚೂರುಗಳು ಬೇಕಾಗುತ್ತವೆ. ಈ ಕೊರತೆಯನ್ನು ತುಂಬಲು ಮದ್ರಾಸ್ ಐಐಟಿಯ ಎಐ4ಭಾರತ್, ಬೆಂಗಳೂರಿನ ಸರ್ವಂ ಎಐ ಮುಂತಾದವರು ಭಾರತೀಯ ಭಾಷೆಗಳಿಗಾಗಿಯೇ ಮಾದರಿಗಳನ್ನು ಕಟ್ಟುತ್ತಿದ್ದಾರೆ.

ವಿಜ್ಞಾನ, ಕಂಪ್ಯೂಟರ್, ಜಗತ್ತಿನ ಇತಿಹಾಸದಂಥ ವಿಷಯವಾದರೆ ಕನ್ನಡದಲ್ಲಿ ಕೇಳಿ ಬಂದ ಉತ್ತರವನ್ನು ಇಂಗ್ಲಿಷಿನಲ್ಲಿಯೂ ಒಮ್ಮೆ ಕೇಳಿ ಹೋಲಿಸಿ. ಕರ್ನಾಟಕದ ಊರು, ಜಾತ್ರೆ, ಬೆಳೆ, ಸಾಹಿತ್ಯದ ವಿಷಯವಾದರೆ ಸರ್ಚ್ ಎಂಜಿನ್‌ನಲ್ಲಿ ಕನ್ನಡ ಲಿಪಿಯಲ್ಲಿಯೇ ಹುಡುಕಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹುಡುಕಿದರೆ ಕನ್ನಡ ಪತ್ರಿಕೆಗಳ ಪುಟಗಳು ಎಷ್ಟೋ ಬಾರಿ ಕೆಳಗೆ ಉಳಿದುಬಿಡುತ್ತವೆ.

“ಭಾಷಣಕ್ಕೆ ಅಂತ ಅಲ್ಲಮಪ್ರಭುವಿನ ವಚನ ಕೇಳಿದೆ. ಚೆನ್ನಾಗಿದೆ. ಆದ್ರೆ ಅದು ನಿಜವಾದ ವಚನವೇ?”

ಬಹುಶಃ ಅಲ್ಲ. ಕನ್ನಡಿಗರು ಚಾಟ್‌ಬಾಟ್ ಬಳಸುವಾಗ ಅತಿ ಸುಲಭವಾಗಿ ಬೀಳುವ ಗುಂಡಿ ಇದು. ವಚನಕ್ಕೆ ಸಣ್ಣ ಸಾಲು, ರೂಪಕ, ಕೊನೆಯಲ್ಲಿ ಅಂಕಿತ ಎಂಬ ಅಚ್ಚು ಇರುವುದರಿಂದ ಆ ಅಚ್ಚಿನಲ್ಲಿ ಹೊಸದನ್ನು ಎರಕ ಹೊಯ್ಯುವುದು ಭಾಷಾ ಮಾದರಿಗೆ ಕಷ್ಟವಲ್ಲ. “ಮನವೆಂಬ ಮನೆಯೊಳಗೆ ದೀಪವ ನಂದಿಸಿ ಹೊರಗೆ ಬೆಳಕನರಸಿದಡೇನು ಗುಹೇಶ್ವರಾ” ಎಂಬುದನ್ನು ಉದಾಹರಣೆಗೆಂದು ಈಗಷ್ಟೇ ಇಲ್ಲಿ ಕಟ್ಟಲಾಯಿತು. ಹನ್ನೆರಡನೆಯ ಶತಮಾನಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳಬಹುದು. ಅಂಕಿತ ಸರಿಯಾಗಿದೆ ಎಂಬುದು ಸಾಕ್ಷ್ಯವಾಗುವುದಿಲ್ಲ. ಬಸವಣ್ಣನ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಗುಹೇಶ್ವರ ಇವು ಯಂತ್ರಕ್ಕೂ ಬಾಯಿಪಾಠವಾಗಿವೆ.

ಪರೀಕ್ಷಿಸುವ ದಾರಿ ಸುಲಭ. ವಚನ ಸಂಚಯ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ವಚನಕಾರರ ಹೆಸರಿನೊಂದಿಗೆ ಹುಡುಕಲು ಸಿಗುತ್ತವೆ. ಅಲ್ಲಿ ಇಡೀ ಸಾಲನ್ನು ಹಾಕಬೇಡಿ; ಕಾಗುಣಿತದ ಸಣ್ಣ ವ್ಯತ್ಯಾಸವಿದ್ದರೂ ನಿಜವಾದ ವಚನವೇ ಸಿಗದೆ ಹೋಗಬಹುದು. ‘ಮನ’, ‘ಬೆಳಕು’ ಎಂಬಂಥ ಎಲ್ಲೆಡೆ ಬರುವ ಪದಗಳನ್ನು ಬಿಟ್ಟು, ಆ ವಚನದಲ್ಲಿರುವ ಅಪರೂಪದ ಒಂದು ಪದವನ್ನು ಹಾಕಿ, ಬಂದವುಗಳಲ್ಲಿ ನಿಮ್ಮದು ಇದೆಯೇ ನೋಡಿ. ಇಲ್ಲದಿದ್ದರೆ ಭಾಷಣಕ್ಕೆ ಬೇರೆ ವಚನ ಆರಿಸಿಕೊಳ್ಳಿ. ವಚನ ಸಿಕ್ಕಿದ ಮೇಲೆ ಅದರ ಅರ್ಥವನ್ನು ಚಾಟ್‌ಬಾಟ್‌ನೊಂದಿಗೆ ಚರ್ಚಿಸುವುದಕ್ಕೆ ಅಡ್ಡಿಯಿಲ್ಲ, ಆದರೂ ಒಗಟಿನಂತಿರುವ ಬೆಡಗಿನ ವಚನಗಳ ವಿಷಯದಲ್ಲಿ ಅದರ ಆತ್ಮವಿಶ್ವಾಸ ಸ್ವಲ್ಪ ಹೆಚ್ಚೇ.

## ಇನ್ನೂ ಆಳಕ್ಕೆ

“ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನೋಕೆ ಏನು ಕಷ್ಟ ಅದಕ್ಕೆ?”

ಜಯನಗರದಲ್ಲಿ ವಿಳಾಸ ಕೇಳಿದರೆ, ದಾರಿ ತಿಳಿಯದಿದ್ದರೂ ಇಲ್ಲ ಎನ್ನಲಾಗದೆ “ಮುಂದೆ ಹೋಗಿ ಲೆಫ್ಟ್ ತಗೊಳ್ಳಿ” ಎನ್ನುವವರು ಸಿಗುತ್ತಾರಲ್ಲ, ಬಹುಮಟ್ಟಿಗೆ ಅಂಥದೇ ಸ್ವಭಾವ. ಸರ್ಚ್ ಎಂಜಿನ್‌ಗೆ ಪುಟ ಸಿಗದಿದ್ದರೆ ಸಿಗಲಿಲ್ಲ ಎನ್ನುತ್ತದೆ, ಏಕೆಂದರೆ ಅದರ ಸೂಚಿಯಲ್ಲಿ ಒಂದೋ ಇದೆ, ಇಲ್ಲವೇ ಇಲ್ಲ. ಭಾಷಾ ಮಾದರಿಗೆ ಯಾವ ಸಾಲಿನ ಮುಂದೆಯೂ ಯಾವುದಾದರೊಂದು ಮಾತು ಸಂಭವನೀಯವಾಗಿಯೇ ಕಾಣುತ್ತದೆ. ನಿಜವಾದ ಸಂಗತಿಯನ್ನು ಹೇಳುವಾಗಲೂ ಊಹಿಸುವಾಗಲೂ ಒಳಗೆ ನಡೆಯುವ ಕ್ರಿಯೆ ಒಂದೇ. ತರಬೇತಿಯಲ್ಲಿ ಇದನ್ನು ತಗ್ಗಿಸಲು ಪ್ರಯತ್ನಗಳು ನಡೆದಿವೆ, ಈಗಿನವು ಮೊದಲಿಗಿಂತ ಹೆಚ್ಚು ಬಾರಿ “ಖಚಿತವಿಲ್ಲ” ಎನ್ನುತ್ತವೆ. ಪೂರ್ತಿ ಹೋಗಿಲ್ಲ.

“ಅದನ್ನೇ ತಿರುಗಿ ‘ಇದು ನಿಜಾನಾ?’ ಅಂತ ಕೇಳಿದ್ರೆ ಆಗಲ್ವಾ?”

ನ್ಯೂಯಾರ್ಕಿನ ವಕೀಲರೊಬ್ಬರು ಹಾಗೆ ಕೇಳಿದ್ದರು. ವಿಮಾನಯಾನ ಕಂಪನಿಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಕೊಟ್ಟ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸುವ ಮುನ್ನ ಅವು ನಿಜವೇ ಎಂದು ಅದನ್ನೇ ವಿಚಾರಿಸಿದರು, ನಿಜ ಎಂಬ ಉತ್ತರ ಬಂತು. ಅಂಥ ತೀರ್ಪುಗಳೇ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಮರುಪ್ರಶ್ನೆಗೆ ಬರುವ ಉತ್ತರವೂ ಅದೇ ಬಗೆಯ ಊಹೆ. ಇದರ ತಿರುವುಮುರುವು ಕೂಡ ಆಗುತ್ತದೆ: ಸರಿಯಾದ ಉತ್ತರವನ್ನು ನೀವು ಅನುಮಾನಿಸಿದರೆ “ಕ್ಷಮಿಸಿ, ನೀವು ಹೇಳಿದ್ದು ಸರಿ” ಎಂದು ತಪ್ಪಿನ ಕಡೆಗೆ ಜಾರಬಹುದು. “ಇದನ್ನು ಯಾವ ಇಲಾಖೆಯ ಯಾವ ದಾಖಲೆಯಲ್ಲಿ ನೋಡಬಹುದು?” ಎಂದು ಕೇಳಿ, ಬಂದ ಹೆಸರನ್ನು ಸರ್ಚ್‌ನಲ್ಲಿ ಹುಡುಕಿ.

“ಈಗ ಚಾಟ್‌ಬಾಟ್ ಕೂಡ ಲಿಂಕ್ ಕೊಡುತ್ತಲ್ಲ. ಅದಿದ್ರೆ ಸಾಕಲ್ವಾ?”

ಲಿಂಕ್ ಇದೆ ಎಂಬುದಕ್ಕೂ ಆ ಪುಟದಲ್ಲಿ ಅದೇ ಮಾತಿದೆ ಎಂಬುದಕ್ಕೂ ನಡುವೆ ಅಂತರವಿದೆ. ತೆರೆದು ನೋಡಿದಾಗ ಪುಟವೇ ಇಲ್ಲದಿರಬಹುದು; ಇದ್ದರೂ ಅದು ಕರ್ನಾಟಕದ ಬದಲು ತಮಿಳುನಾಡಿನ ನಿಯಮವನ್ನು ಹೇಳುತ್ತಿರಬಹುದು; “ಪ್ರಸ್ತಾವ ಇದೆ” ಎಂದು ಪತ್ರಿಕೆ ಬರೆದದ್ದು ಸಾರಾಂಶದಲ್ಲಿ “ಜಾರಿಯಾಗಿದೆ” ಎಂದಾಗಿರಬಹುದು. ಕೊನೆಯದು ತುಂಬ ಸಾಮಾನ್ಯ. ಹಣ ಅಥವಾ ದಾಖಲೆಯ ವಿಷಯವಾದರೆ ಒಂದಾದರೂ ಕೊಂಡಿಯನ್ನು ತೆರೆದು, ಆ ಸಂಖ್ಯೆ ಇರುವ ಸಾಲನ್ನು ಕಣ್ಣಾರೆ ಓದಿ.

“ಸರ್ಚ್ ತೆಗೆದ್ರೆ ಬರೀ ಜಾಹೀರಾತು. ಬೇಕಾದ್ದು ಸಿಗೋದೇ ಇಲ್ಲ. ಅದಕ್ಕೇ ಬಿಟ್ಟುಬಿಟ್ಟೆ.”

ದೂರು ನ್ಯಾಯವಾದದ್ದೇ. ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರದ ಗುರುತಿರುವವುಗಳನ್ನು ದಾಟಿ ಕೆಳಗೆ ಹೋಗಿ. ಪದಗುಚ್ಛವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಕ್ರಮದಲ್ಲಿ ಪದಗಳಿರುವ ಪುಟಗಳಿಗೆ ಆದ್ಯತೆ ಸಿಗುತ್ತದೆ. ಬೇಡದ ಪದಕ್ಕೆ ಮೊದಲು, ನಡುವೆ ಜಾಗ ಬಿಡದೆ, ಮೈನಸ್ ಚಿಹ್ನೆ ಇಟ್ಟರೆ ಆ ಪದವಿರುವ ಪುಟಗಳು ಹೊರಗುಳಿಯುತ್ತವೆ. ಇಂಗ್ಲಿಷಿನಲ್ಲಿ ಸೈಟ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಜಾಲತಾಣದ ವಿಳಾಸ ಕೊಟ್ಟರೆ ಆ ತಾಣದೊಳಗೆ ಮಾತ್ರ ಹುಡುಕುತ್ತದೆ; ಕರ್ನಾಟಕ ಸರ್ಕಾರದ ತಾಣಗಳ ಒಳಗಿನ ಸುತ್ತೋಲೆಗಳನ್ನು ಹುಡುಕಲು ಆಯಾ ತಾಣದ ಸ್ವಂತ ಹುಡುಕು ಪೆಟ್ಟಿಗೆಗಿಂತ ಇದೇ ಎಷ್ಟೋ ಮೇಲು. ಯಾವ ಪದದಿಂದ ಹುಡುಕಬೇಕು ಎಂಬುದೇ ಗೊತ್ತಿಲ್ಲದಿದ್ದಾಗ ಚಾಟ್‌ಬಾಟ್‌ಗೆ ನಿಮ್ಮ ಸಮಸ್ಯೆಯನ್ನು ಹೇಳಿ, ಅಧಿಕೃತ ಪದಗಳನ್ನು ಕೇಳಿ ಪಡೆಯಿರಿ. ಅಪ್ಪನ ಹೆಸರಿನಲ್ಲಿದ್ದ ಜಮೀನು ಮಕ್ಕಳ ಹೆಸರಿಗೆ ಆಗಬೇಕು ಎಂದರೆ ‘ಪೌತಿ ಖಾತೆ’ ಎಂಬ ಪದ ಸಿಗುತ್ತದೆ, ಆ ಪದ ಸಿಕ್ಕಿದರೆ ಸರ್ಚ್‌ನಲ್ಲಿ ಕಂದಾಯ ಇಲಾಖೆಯ ಪುಟ ತಾನಾಗಿ ಸಿಗುತ್ತದೆ.

“ಆಫೀಸಿನ ಕೋಡು, ಮನೆ ಕರಾರು ಪತ್ರ, ಇವನ್ನೆಲ್ಲ ಅದಕ್ಕೆ ಹಾಕಬಹುದಾ?”

ಆಫೀಸಿನದನ್ನು ಆಫೀಸು ಅನುಮತಿಸಿದ ಸಾಧನದಲ್ಲಿ ಮಾತ್ರ ಹಾಕಿ. ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರುಗಳು ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಅಂಟಿಸಿದ್ದು ಬೆಳಕಿಗೆ ಬಂದ ಮೇಲೆ 2023ರ ಮೇ ತಿಂಗಳಲ್ಲಿ ಆ ಕಂಪನಿ ಇಂಥ ಸಾಧನಗಳ ಬಳಕೆಯನ್ನು ತನ್ನಲ್ಲಿ ನಿರ್ಬಂಧಿಸಿತು. ಸರ್ಚ್ ಎಂಜಿನ್‌ಗೂ ನೀವು ಹುಡುಕಿದ್ದೆಲ್ಲ ಗೊತ್ತಿರುತ್ತದೆ, ಆದರೆ ಅದಕ್ಕೆ ನಾವು ಕೊಡುವುದು ನಾಲ್ಕು ಪದ; ಚಾಟ್‌ಬಾಟ್‌ಗೆ ಕೊಡುವುದು ಇಡೀ ಕರಾರು ಪತ್ರ, ಅದರೊಳಗೆ ಮಾಲೀಕರ ಹೆಸರು, ಆಧಾರ್ ಸಂಖ್ಯೆ, ಮುಂಗಡದ ಮೊತ್ತ. ಬಾಡಿಗೆ ಕರಾರಿನ ಒಂದು ಷರತ್ತು ಅರ್ಥವಾಗದಿದ್ದರೆ ಆ ಷರತ್ತನ್ನಷ್ಟೇ ಹೆಸರು ತೆಗೆದು ಹಾಕಿದರೆ ಕೆಲಸ ಆಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಂಭಾಷಣೆಯನ್ನು ತರಬೇತಿಗೆ ಬಳಸದಂತೆ ಮಾಡುವ ಆಯ್ಕೆ ಇದೆಯೇ ನೋಡಿ, ಇದ್ದರೆ ಅದನ್ನು ಬಳಸಿ. ಸಂಭಾಷಣೆಯನ್ನು ಲಿಂಕ್ ಮಾಡಿ ಹಂಚಿಕೊಳ್ಳುವಾಗಲೂ ಎಚ್ಚರ ಬೇಕು: 2025ರಲ್ಲಿ ಚಾಟ್‌ಜಿಪಿಟಿಯ ಬಳಕೆದಾರರು ಹಂಚಿಕೊಂಡ ಕೆಲವು ಸಂಭಾಷಣೆಗಳು, ಹುಡುಕಾಟಕ್ಕೆ ಸಿಗಲಿ ಎಂಬ ಗುರುತನ್ನು ಅವರೇ ಒತ್ತಿದ್ದರಿಂದ, ಗೂಗಲ್ ಸರ್ಚ್‌ನಲ್ಲಿ ಕಾಣಿಸಿಕೊಂಡವು; ಸುದ್ದಿಯಾದ ಮೇಲೆ ಓಪನ್‌ಎಐ ಆ ಸೌಲಭ್ಯವನ್ನೇ ತೆಗೆದುಹಾಕಿತು.